ಎಲ್1 ಬಿಂದುವಿನಲ್ಲಿ ಇಟ್ಟ ನೌಕೆ ಎರಡೇ ತಿಂಗಳಲ್ಲಿ ಜಾರಿಹೋಗುತ್ತಿದೆ, ನನ್ನ ಕೋಡ್ ತಪ್ಪಾ?

ಖಾನಾಪುರದ_ಹುಡುಗಿ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ತರಹದ ನೌಕೆಯ ದಾರಿ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟ್. ಪೈಥಾನ್‌ನಲ್ಲಿ ಬರೆದಿದ್ದೇನೆ. ಸೂರ್ಯ, ಭೂಮಿ, ನೌಕೆ, ಇಷ್ಟೇ. ಎಲ್1 ಬಿಂದು ಅಂದರೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರ, ಅಲ್ಲಿ ನೌಕೆ ಇಟ್ಟೆ. ಭೂಮಿಯ ಜೊತೆಜೊತೆಗೇ ಸುತ್ತುವಷ್ಟು ವೇಗ ಕೊಟ್ಟೆ.

ಮೊದಲ ಒಂದು ತಿಂಗಳು ಅಲುಗಾಡದೆ ನಿಂತಿತ್ತು. ಖುಷಿಯಾಗಿ ಅಪ್ಪನಿಗೂ ತೋರಿಸಿದೆ. ಎರಡನೇ ತಿಂಗಳ ಕೊನೆಗೆ ಒಂದು ಲಕ್ಷ ಕಿ.ಮೀ. ಸೂರ್ಯನ ಕಡೆ ಸರಿದಿತ್ತು. ನೂರನೇ ದಿನ ನೋಡಿದರೆ ಎಲ್ಲೋ ಹೋಗಿಬಿಟ್ಟಿದೆ. ಗೈಡ್ ಸರ್ ಹೇಳುವುದು ಹೀಗೆ: "ಎಲ್1ನಲ್ಲಿ ಸೂರ್ಯ, ಭೂಮಿ ಎರಡರ ಸೆಳೆತ ಸಮ ಆಗಿ ರದ್ದಾಗುತ್ತದೆ. ಅಲ್ಲಿಟ್ಟ ವಸ್ತು ಅಲ್ಲೇ ಇರಬೇಕು. ನಿನ್ನ ಕೋಡ್ ತಪ್ಪು." ಮೂರು ವಾರದಿಂದ ಸಾಲು ಸಾಲು ನೋಡುತ್ತಿದ್ದೇನೆ, ತಪ್ಪು ಕಾಣುತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಮುಧೋಳ_ಮಾಸ್ತರ್
ತಂಗೀ, ನಿಮ್ಮ ಗೈಡ್ ಹೇಳಿದ್ದು ಸರಿಯೇ ಅಲ್ವಾ? ನಾನೂ ಎಂಟನೇ ಕ್ಲಾಸಿನ ಮಕ್ಕಳಿಗೆ ಹಾಗೇ ಹೇಳಿದ್ದು. ಹಗ್ಗ ಜಗ್ಗುವ ಆಟ ಇದ್ದ ಹಾಗೆ. ಎರಡೂ ಕಡೆ ಸಮ ಜಗ್ಗಿದರೆ ನಡುವಿನ ಗಂಟು ನಿಂತಲ್ಲೇ ನಿಲ್ಲುತ್ತದೆ. ಕೋಡ್‌ನಲ್ಲಿ ಪ್ಲಸ್ ಮೈನಸ್ ಎಲ್ಲೋ ಅದಲುಬದಲಾಗಿದೆ ನೋಡಿ.

ಕಕ್ಷೆಗಾರ
ಮಾಸ್ತರೇ, ದಯವಿಟ್ಟು ಸ್ವಲ್ಪ ತಡೀರಿ. ಆ ಹಗ್ಗ ಜಗ್ಗುವ ಉದಾಹರಣೆ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಅದು ತಪ್ಪು. ನಾನು ಜಮಖಂಡಿಯವನು. ಬೆಂಗಳೂರಿನಲ್ಲಿ ಹದಿನೈದು ವರ್ಷ ಉಪಗ್ರಹಗಳ ಕಕ್ಷೆ ಲೆಕ್ಕದಲ್ಲೇ ಕೆಲಸ ಮಾಡಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಕೂತು ಬಿಡಿಸಿ ಹೇಳಬೇಕು ಅನಿಸುತ್ತದೆ.

ಸೂರ್ಯನ ತೂಕ ಭೂಮಿಯ 3,33,000 ಪಟ್ಟು. ಎರಡರ ಸೆಳೆತ ನಿಜಕ್ಕೂ ಸಮ ಆಗುವ ಜಾಗ ಭೂಮಿಯಿಂದ ಬರೀ 2.6 ಲಕ್ಷ ಕಿ.ಮೀ. ದೂರದಲ್ಲಿದೆ. ಎಲ್1 ಇರುವುದು 15 ಲಕ್ಷದ ಹತ್ತಿರ. ಅಲ್ಲಿ ಸೂರ್ಯನ ಸೆಳೆತ ಭೂಮಿಯದ್ದಕ್ಕಿಂತ ಸುಮಾರು 34 ಪಟ್ಟು ಜಾಸ್ತಿ. ಹಗ್ಗದ ಆಟವಾಗಿದ್ದರೆ ಭೂಮಿ ಯಾವಾಗಲೋ ಸೋತಿರುತ್ತಿತ್ತು.

ಹಾಗಾದರೆ ಎಲ್1 ಅಂದರೆ ಏನು? ಸೂರ್ಯನಿಗೆ ಹತ್ತಿರ ಇದ್ದಷ್ಟೂ ಬೇಗ ಸುತ್ತಬೇಕು. ಭೂಮಿಗಿಂತ ನೂರರಲ್ಲಿ ಒಂದು ಪಾಲು ಒಳಗಿರುವ ನೌಕೆ ತನ್ನ ಪಾಡಿಗೆ ಬಿಟ್ಟರೆ ಸುಮಾರು 360 ದಿನಕ್ಕೇ ಒಂದು ಸುತ್ತು ಮುಗಿಸುತ್ತದೆ. ಭೂಮಿಗಿಂತ ಮುಂದೆ ಓಡಿಬಿಡುತ್ತದೆ. ಆದರೆ ಹಿಂದಿನಿಂದ ಭೂಮಿ ಸ್ವಲ್ಪ ಎಳೆಯುತ್ತದಲ್ಲ, ಅದರಿಂದ ಸೂರ್ಯನ ಸೆಳೆತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸೆಳೆತ ಕಡಿಮೆ ಆದರೆ ನಿಧಾನ ಸುತ್ತಿದರೂ ಸಾಕು. ಯಾವ ದೂರದಲ್ಲಿ ಅದು ಸರಿಯಾಗಿ 365 ದಿನಕ್ಕೆ ಬರುತ್ತದೋ ಅದೇ ಎಲ್1.

ಅಂಕಿ ಹಾಕಿ ನೋಡಿ. ಅಲ್ಲಿ ಸೂರ್ಯನಿಂದ ಬರುವ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಸೆಕೆಂಡಿನ ವರ್ಗಕ್ಕೆ 6.05 ಮಿಲಿಮೀಟರ್. ಭೂಮಿಯದ್ದು 0.18. ಕಳೆದರೆ 5.87. ವರ್ಷಕ್ಕೊಂದು ಸುತ್ತು ಹಾಕಲು ಆ ದೂರದಲ್ಲಿ ಬೇಕಾದದ್ದೂ 5.87. ರದ್ದು ಆಗಿದ್ದು ಏನೂ ಇಲ್ಲ. ಹೊಂದಿಕೆ ಆಗಿದೆ ಅಷ್ಟೇ.

ಗೋಕಾಕ_ಕರದಂಟು
ಒಂದು ನಿಮಿಷ. ಸಮ ಆಗುವ ಜಾಗ 2.6 ಲಕ್ಷ ಅಂದಿರಿ. ಚಂದ್ರ ಇರುವುದು 3.84 ಲಕ್ಷದಲ್ಲಿ. ಹಾಗಾದರೆ ಚಂದ್ರನನ್ನು ಭೂಮಿಗಿಂತ ಸೂರ್ಯನೇ ಜಾಸ್ತಿ ಎಳೆಯುತ್ತಾನಾ? ಮತ್ತೆ ಚಂದ್ರ ಯಾಕೆ ನಮ್ಮ ಜೊತೆ ಇದ್ದಾನೆ?

ಕಕ್ಷೆಗಾರ
ಹೌದು, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಎಳೆಯುತ್ತಾನೆ. ಒಳ್ಳೆಯ ಪ್ರಶ್ನೆ.

ವಿಜಯಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ನೀವೂ ನಿಮ್ಮ ಮಗನೂ ಅಕ್ಕಪಕ್ಕ ಕೂತಿದ್ದೀರಿ. ಡ್ರೈವರ್ ಎಷ್ಟೇ ಜೋರಾಗಿ ಬಸ್ ಎಳೆದರೂ ಇಬ್ಬರಿಗೂ ಒಂದೇ ಎಳೆತ. ಮಗ ನಿಮ್ಮ ಕೈ ಬಿಟ್ಟು ಹೋಗುವುದಿಲ್ಲ. ಹಾಗೇ ಸೂರ್ಯ ಭೂಮಿಯನ್ನೂ ಚಂದ್ರನನ್ನೂ ಹೆಚ್ಚುಕಡಿಮೆ ಒಂದೇ ರೀತಿ ಎಳೆಯುತ್ತಾನೆ. ಇಬ್ಬರ ಮೇಲಿನ ಎಳೆತದಲ್ಲಿ ಎಷ್ಟು ವ್ಯತ್ಯಾಸ ಇದೆ ಅನ್ನುವುದೊಂದೇ ಲೆಕ್ಕಕ್ಕೆ ಬರುವುದು. ಚಂದ್ರನ ದೂರದಲ್ಲಿ ಆ ವ್ಯತ್ಯಾಸ ಬಹಳ ಸಣ್ಣದು. 15 ಲಕ್ಷ ಕಿ.ಮೀ. ದಾಟಿದರೆ ಅದೇ ದೊಡ್ಡದಾಗುತ್ತದೆ. ಅಲ್ಲಿಂದಾಚೆ ಭೂಮಿ ಯಾರನ್ನೂ ಹಿಡಿದಿಟ್ಟುಕೊಳ್ಳಲಾರದು.

ಮುಧೋಳ_ಮಾಸ್ತರ್
5.87, 5.87 ಎರಡೂ ಕಡೆ ಬಂದದ್ದನ್ನು ಹಾಳೆ ಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. ಸರಿಯಾಗಿದೆ. ಆದಿತ್ಯ ಹಾರಿದಾಗಿನಿಂದ ಮಕ್ಕಳಿಗೆ ತಪ್ಪು ಹೇಳಿದ್ದೇನೆ. ಸೋಮವಾರ ಬೋರ್ಡಿನ ಮೇಲೆ ಇದೇ ಲೆಕ್ಕ ಬರೆಯುತ್ತೇನೆ. ಬಹಳ ಉಪಕಾರ ಆಯಿತು ಸರ್.

ಸಂಖ್ಯಾಪ್ರಿಯೆ
ಖಾನಾಪುರದ ತಂಗೀ, ನಿನ್ನ ಪ್ರಶ್ನೆ ಎಲ್ಲರೂ ಮರೆತರು! ನಾನು ಕಾಲೇಜಿನಲ್ಲಿ ಸಂಖ್ಯಾ ವಿಧಾನ ಕಲಿಸುತ್ತೇನೆ. ಎರಡು ವಿಷಯ ಹೇಳು. ಮುಂದಿನ ಜಾಗವನ್ನು ಯಾವ ವಿಧಾನದಿಂದ ಲೆಕ್ಕ ಹಾಕುತ್ತಿದ್ದೀಯಾ? ಒಂದು ಹೆಜ್ಜೆ ಎಷ್ಟು ಹೊತ್ತಿನದು?

ಖಾನಾಪುರದ_ಹುಡುಗಿ
ಆಯ್ಲರ್ ವಿಧಾನ ಮೇಡಂ. ಒಂದು ಗಂಟೆಗೆ ಒಂದು ಹೆಜ್ಜೆ.

ಸಂಖ್ಯಾಪ್ರಿಯೆ
ಹಾಗಾದರೆ ಮೊದಲು ಒಂದು ಪರೀಕ್ಷೆ ಮಾಡು. ನೌಕೆ ತೆಗೆದುಹಾಕು. ಬರೀ ಸೂರ್ಯ, ಭೂಮಿ ಇಟ್ಟು ಒಂದು ವರ್ಷ ಓಡಿಸು. ಭೂಮಿ ಹೊರಟ ಜಾಗಕ್ಕೇ ಬಂತಾ ನೋಡು.

ಆಯ್ಲರ್ ವಿಧಾನ ಪ್ರತಿ ಹೆಜ್ಜೆಯಲ್ಲೂ ನೇರ ಗೆರೆಯಲ್ಲಿ ಹೋಗುತ್ತದೆ. ದಾರಿ ಬಾಗುತ್ತಿದ್ದರೂ ಇದು ಬಾಗುವುದಿಲ್ಲ. ಹೆಜ್ಜೆಗೊಮ್ಮೆ ಚೂರು ಚೂರು ಹೊರಗೆ ಬೀಳುತ್ತದೆ. ವರ್ಷಕ್ಕೆ ಎಂಟು ಸಾವಿರದ ಏಳುನೂರು ಚಿಲ್ಲರೆ ಹೆಜ್ಜೆ. ಎಲ್ಲ ಸೇರಿದರೆ ಎಷ್ಟಾಗುತ್ತದೆ ಅಂತ ನೀನೇ ನೋಡಿದರೆ ಮರೆಯುವುದಿಲ್ಲ.

ಇನ್ನೊಂದು ಮಾತು. ನೀನು 15 ಲಕ್ಷ ಅಂತ ಗುಂಡಾಗಿ ಹಾಕಿದ್ದೀಯಾ. ಪತ್ರಿಕೆಗೆ ಅದು ಸಾಕು, ಲೆಕ್ಕಕ್ಕೆ ಸಾಲದು. ಭೂಮಿಯ ತೂಕ ಮಾತ್ರ ತೆಗೆದುಕೊಂಡರೆ ಎಲ್1 ಸುಮಾರು 14.916 ಲಕ್ಷ ಕಿ.ಮೀ.ಗೆ ಬರುತ್ತದೆ. ಭೂಮಿ, ಚಂದ್ರ ಎರಡನ್ನೂ ಸೇರಿಸಿ ಒಂದೇ ತೂಕ ಮಾಡಿದರೆ 14.98 ಲಕ್ಷದ ಹತ್ತಿರ. ನಿನ್ನ ಕೋಡ್‌ನಲ್ಲಿ ಚಂದ್ರ ಇಲ್ಲ. ಅಂದರೆ ಹೊರಡುವಾಗಲೇ ಎಂಟು ಸಾವಿರ ಕಿ.ಮೀ. ತಪ್ಪು ಜಾಗದಲ್ಲಿ ಇಟ್ಟಿದ್ದೀಯಾ, ಅದೂ ಸೂರ್ಯನ ಕಡೆಗೆ. ನೌಕೆ ಜಾರಿದ್ದೂ ಸೂರ್ಯನ ಕಡೆಗೇ ಅಲ್ವಾ?

ಖಾನಾಪುರದ_ಹುಡುಗಿ
ಅಯ್ಯೋ ಮೇಡಂ! ಈಗಷ್ಟೇ ಓಡಿಸಿದೆ. ನೌಕೆ ಇಲ್ಲದೆ ಭೂಮಿಯೇ ಒಂದು ವರ್ಷದಲ್ಲಿ ಹತ್ತು ಲಕ್ಷ ಕಿ.ಮೀ.ಗಿಂತ ಜಾಸ್ತಿ ಹೊರಗೆ ಸರಿದಿದೆ. ಮೂರು ವಾರದಿಂದ ನಾನು ನೌಕೆಯನ್ನಷ್ಟೇ ನೋಡುತ್ತಿದ್ದೆ. ಹೆಜ್ಜೆಯ ನಡುವೆಯೂ ವೇಗ ನೋಡುವ ರುಂಗೆ-ಕುಟ್ಟಾ ವಿಧಾನಕ್ಕೆ ಬದಲಾಯಿಸಿ ಬರುತ್ತೇನೆ.

ಕಬ್ಬಿನ_ಗಾಡಿ
ನಾನು ಓದಿದ್ದು ಡಿಪ್ಲೊಮಾ. ಈಗ ಟ್ರ್ಯಾಕ್ಟರ್ ಇಟ್ಟುಕೊಂಡು ಕಾರ್ಖಾನೆಗೆ ಕಬ್ಬು ಹೊಡೆಯುತ್ತೇನೆ. ಇದನ್ನು ಓದುವಾಗ ನನಗೆ ನಮ್ಮ ಡಬಲ್ ಟ್ರೇಲರ್ ನೆನಪಾಯಿತು.

ಒಂದೇ ಟ್ರೇಲರ್ ಇದ್ದರೆ ರಿವರ್ಸ್ ತೆಗೆಯುವುದು ಕಲಿಯಬಹುದು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ, ಕೈಗೆ ರೂಢಿ ಆಗುತ್ತದೆ. ಹಿಂದೆ ಇನ್ನೊಂದು ಟ್ರೇಲರ್ ಕಟ್ಟಿದಿರಿ ಅಂದರೆ ಮುಗಿಯಿತು. ಸ್ಟೇರಿಂಗ್ ಒಂದು ಬೆರಳು ಅಲುಗಿದರೆ ನಡುವಿನದು ಒಂದು ಮೊಳ ಸರಿಯುತ್ತದೆ, ಹಿಂದಿನದು ಅಡ್ಡಡ್ಡ ನಿಲ್ಲುತ್ತದೆ. ಹತ್ತು ಅಡಿ ಹೋಗುವುದರೊಳಗೆ ಮಡಚಿಕೊಳ್ಳುತ್ತದೆ. ಯಾರ್ಡಿನಲ್ಲಿ ನಾವು ಸುಮ್ನೆ ಇಳಿದು ಪಿನ್ ತೆಗೆದು, ಹಿಂದಿನದನ್ನು ಬಿಚ್ಚಿಯೇ ತೆಗೆಯುತ್ತೇವೆ.

ನಮ್ಮ ಊರಲ್ಲಿ ಒಬ್ಬ ಕಾಕಾ ಇದ್ದಾರೆ. ಅವರು ಎರಡನ್ನೂ ಕಟ್ಟಿಕೊಂಡೇ ರಿವರ್ಸ್ ತೆಗೆಯುತ್ತಾರೆ. ಹೇಗೆ ಅಂತ ಕೇಳಿದೆ. "ತಪ್ಪು ಕಣ್ಣಿಗೆ ಕಾಣುವ ಮೊದಲೇ ತಿದ್ದಬೇಕು, ಕಂಡ ಮೇಲೆ ತಿದ್ದಿದರೆ ಕೆಲಸ ಕೆಟ್ಟಿತು" ಅಂದರು. ಎರಡು ವಸ್ತು ಇದ್ದಾಗ ಲೆಕ್ಕ ಸುಲಭ, ಮೂರನೆಯದು ಬಂದರೆ ಕೈಗೆ ಸಿಗುವುದಿಲ್ಲ ಅನ್ನುವುದು ಇದೇ ತರಹ ಅಲ್ವಾ?

ಕಕ್ಷೆಗಾರ
ತಮ್ಮಾ, ನಿಮ್ಮ ಕಾಕಾ ಹೇಳಿದ್ದು ಇಡೀ ಕೆಲಸದ ಗುಟ್ಟು. ಸ್ವಲ್ಪ ಹೊತ್ತಿನಲ್ಲಿ ಅದಕ್ಕೇ ಬರುತ್ತೇನೆ.

ತಿಕೋಟಾ_ದ್ರಾಕ್ಷಿ
ಇಷ್ಟೆಲ್ಲ ಯಾಕೆ ಬೇಕು? ದಾರಿಯನ್ನು ತುಂಡು ಮಾಡಿ ಲೆಕ್ಕ ಹಾಕಿದರೆ ಆಯಿತು. ಭೂಮಿ ಹತ್ತಿರ ಇರುವಾಗ ಭೂಮಿಯ ಸೆಳೆತ ಮಾತ್ರ, ದೂರ ಹೋದ ಮೇಲೆ ಸೂರ್ಯನದ್ದು ಮಾತ್ರ, ಗ್ರಹ ಮುಟ್ಟಿದಾಗ ಆ ಗ್ರಹದ್ದು ಮಾತ್ರ. ಮೂರು ತುಂಡು ಜೋಡಿಸಿದರೆ ದಾರಿ ಸಿದ್ಧ. ಮಂಗಳಯಾನಕ್ಕೂ ಇದೇ ಸಾಕಾಗಿತ್ತು.

ಕಕ್ಷೆಗಾರ
ಅರ್ಧ ಒಪ್ಪುತ್ತೇನೆ. ಮೊದಲ ಕರಡಿಗೆ ಆ ವಿಧಾನ ಬಹಳ ಒಳ್ಳೆಯದು. ಯಾವ ತಿಂಗಳು ಹೊರಡಬೇಕು, ಇಂಧನ ಎಷ್ಟು ಬೇಕಾದೀತು ಅಂತ ಅಂದಾಜು ಸಿಗುತ್ತದೆ. ಆದರೆ ಹಾರಿಸುವಾಗ ಯಾರೂ ಅದನ್ನು ನಂಬಿ ಹಾರಿಸುವುದಿಲ್ಲ. ಸೂರ್ಯ, ಚಂದ್ರ, ಗ್ರಹಗಳು, ಬಿಸಿಲಿನ ಒತ್ತಡ, ಎಲ್ಲ ಸೇರಿಸಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತಾರೆ. ಮಂಗಳಯಾನ 2013ರ ನವೆಂಬರ್ 5ಕ್ಕೆ ಹಾರಿ 2014ರ ಸೆಪ್ಟೆಂಬರ್ 24ಕ್ಕೆ ಮಂಗಳ ಮುಟ್ಟಿತಲ್ಲ, ನಡುವೆ ದಾರಿ ತಿದ್ದುತ್ತಲೇ ಹೋದದ್ದು.

ಇನ್ನು ಎಲ್1 ವಿಷಯಕ್ಕೆ ನಿಮ್ಮ ತುಂಡು ವಿಧಾನ ಪೂರಾ ಕೈಕೊಡುತ್ತದೆ. ಭೂಮಿಯ ಪ್ರಭಾವ ವಲಯ ಅಂತ ಹಾಕುವ ಗೆರೆ 9.2 ಲಕ್ಷ ಕಿ.ಮೀ.ಗೆ ಮುಗಿಯುತ್ತದೆ. ಎಲ್1 ಅದರ ಆಚೆ ಇದೆ. ನಿಮ್ಮ ವಿಧಾನದ ಪ್ರಕಾರ ಅಲ್ಲಿ ಸೂರ್ಯ ಮಾತ್ರ ಇದ್ದಾನೆ, ಭೂಮಿ ಇಲ್ಲವೇ ಇಲ್ಲ. ಭೂಮಿ ಇಲ್ಲದಿದ್ದರೆ ಎಲ್1 ಅನ್ನುವ ಜಾಗವೂ ಇಲ್ಲ!

ತಿಕೋಟಾ_ದ್ರಾಕ್ಷಿ
ಇದು ಹೊಳೆದಿರಲಿಲ್ಲ. ಸರಿ, ಮಾತು ವಾಪಸ್.

ಗುಮ್ಮಟನಗರಿ
ನಮ್ಮ ವಿಜಯಪುರದ ಭಾಸ್ಕರಾಚಾರ್ಯ 12ನೇ ಶತಮಾನದಲ್ಲೇ ಗ್ರಹಗಳ ಕ್ಷಣಕ್ಷಣದ ಗತಿ ಲೆಕ್ಕ ಹಾಕಿದ್ದ. ಆಯ್ಲರ್, ಲಗ್ರಾಂಜ್ ಅಂತ ಹೇಳುವವರು ಒಮ್ಮೆಯಾದರೂ ಆ ಹೆಸರು ಎತ್ತಬೇಕು.

ಬಾದಾಮಿ_ಬಂಡೆ
ಹೆಸರು ಎತ್ತೋಣ, ಸಂತೋಷದಿಂದ. ಆದರೆ "ನಮ್ಮ ವಿಜಯಪುರದ" ಅನ್ನುವುದು ಇತ್ಯರ್ಥ ಆಗಿಲ್ಲ ಅಣ್ಣಾ. ಆತ ತನ್ನ ಊರು ಸಹ್ಯಾದ್ರಿ ಮಗ್ಗುಲಿನ ವಿಜ್ಜಡವಿಡ ಅಂತ ಬರೆದುಕೊಂಡಿದ್ದಾನೆ. ಅದು ವಿಜಯಪುರ ಅಂತ ಕೆಲವರು, ಜಿಲ್ಲೆಯ ಬಿಜ್ಜರಗಿ ಅಂತ ಕೆಲವರು ಹೇಳುತ್ತಾರೆ. ಆದರೆ ಮೊಮ್ಮಗ ಚಂಗದೇವನ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣದಲ್ಲಿ.

ಗುಮ್ಮಟನಗರಿ
ಮೊಮ್ಮಗ ಹೋದ ಊರು ಅಜ್ಜನ ಊರೇ ಆಗಬೇಕು ಅಂತ ಏನಿದೆ? ನಮ್ಮ ಮನೆಯ ಮೊಮ್ಮಕ್ಕಳೆಲ್ಲ ಪುಣೆಯಲ್ಲಿದ್ದಾರೆ.

ಸಂಖ್ಯಾಪ್ರಿಯೆ
ಊರಿನ ಜಗಳ ಬೇರೆ ಕಡೆ ಮಾಡಿ, ನಾನೂ ಬರುತ್ತೇನೆ. ಒಂದು ಮಾತು ಮಾತ್ರ ಇಲ್ಲೇ ಹೇಳಬೇಕು. 1114ರಲ್ಲಿ ಹುಟ್ಟಿದ ಆತ ಹೇಳಿದ ತಾತ್ಕಾಲಿಕ ಗತಿ, ಅಂದರೆ "ದಿನದ ಸರಾಸರಿ ಸಾಲದು, ಈ ಕ್ಷಣದ ವೇಗ ಎಷ್ಟು ಅಂತ ಬೇಕು" ಅನ್ನುವ ವಿಚಾರ, ಈ ತಂಗಿಯ ಕೋಡ್‌ಗೆ ನೇರ ಸಂಬಂಧ ಇದೆ. ಒಂದು ಗಂಟೆಯ ಉದ್ದಕ್ಕೂ ವೇಗ ಒಂದೇ ಅಂದುಕೊಂಡಿದ್ದೇ ಅವಳ ತಪ್ಪು. ಮೂರು ವಸ್ತುಗಳ ಗುರುತ್ವದ ಲೆಕ್ಕ ಆತನ ಕಾಲದ್ದಲ್ಲ, ಅದು ನ್ಯೂಟನ್ ಆದ ಮೇಲೆ ಬಂದದ್ದು. ಎಲ್1 ಸೇರಿ ಒಂದೇ ಗೆರೆಯ ಮೇಲಿನ ಮೂರು ಬಿಂದು ಆಯ್ಲರ್ ಕಂಡದ್ದು. ತ್ರಿಕೋನದ ತುದಿಯ ಎರಡನ್ನು 1772ರಲ್ಲಿ ಲಗ್ರಾಂಜ್ ಸೇರಿಸಿದ.

ಖಾನಾಪುರದ_ಹುಡುಗಿ
ಮೇಡಂ, ಸರ್, ಮಾಡಿದೆ! ರುಂಗೆ-ಕುಟ್ಟಾ ಹಾಕಿದೆ. ಎಲ್1 ದೂರವನ್ನು ಕಿಲೋಮೀಟರ್ ತನಕ ಸರಿಯಾಗಿ ಲೆಕ್ಕ ಹಾಕಿ ಇಟ್ಟೆ. ಈಗ ಭೂಮಿ ವರ್ಷಕ್ಕೆ ಸರಿಯಾಗಿ ತನ್ನ ಜಾಗಕ್ಕೆ ಬರುತ್ತಿದೆ. ನೌಕೆ ಎಂಟು ತಿಂಗಳು ಗಟ್ಟಿಯಾಗಿ ನಿಂತಿತ್ತು. ಆದರೆ ಒಂಬತ್ತನೇ ತಿಂಗಳು ಮತ್ತೆ ಅದೇ ಕತೆ. ಈಗ ಎಲ್ಲಿ ತಪ್ಪಿದ್ದೇನೆ?

ಕಕ್ಷೆಗಾರ
ಈಗ ನೀನು ಎಲ್ಲೂ ತಪ್ಪಿಲ್ಲ ತಂಗೀ. ಇಷ್ಟು ಹೊತ್ತು ಕಾದಿದ್ದು ಇದನ್ನು ಹೇಳುವುದಕ್ಕೇ. ನೌಕೆ ಓಡಿಹೋಗುವುದು ಎಲ್1ನ ಗುಣ.

ಎರಡು ಗುಡ್ಡದ ನಡುವಿನ ಖಿಂಡಿ ನೋಡಿದ್ದೀಯಲ್ಲ? ಅಡ್ಡಕ್ಕೆ ನೋಡಿದರೆ ಎರಡೂ ಕಡೆ ಏರು. ಉದ್ದಕ್ಕೆ ನೋಡಿದರೆ ಎರಡೂ ಕಡೆ ಇಳಿಜಾರು. ಖಿಂಡಿಯ ನೆತ್ತಿಯ ಮೇಲೆ ಒಂದು ಗೋಲಿ ಇಟ್ಟರೆ ಅಡ್ಡಕ್ಕೆ ಉರುಳಲ್ಲ. ಉದ್ದಕ್ಕೆ ಒಂದು ಕೂದಲೆಳೆ ಸರಿದರೂ ಆ ಕಡೆಗೋ ಈ ಕಡೆಗೋ ಇಳಿಯುತ್ತದೆ. ಎಲ್1 ಹಾಗೆ. ಒಂದು ಇಳಿಜಾರು ಭೂಮಿ ಕಡೆಗೆ, ಇನ್ನೊಂದು ಸೂರ್ಯನ ಕಡೆಗೆ.

ಎಷ್ಟು ಬೇಗ ಜಾರುತ್ತದೆ ಅಂದರೆ, ತಪ್ಪು ಸುಮಾರು 16 ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಚಕ್ರಬಡ್ಡಿಯ ಲೆಕ್ಕ. ಒಂದು ಕಿ.ಮೀ. ತಪ್ಪು 160 ದಿನಕ್ಕೆ ಸಾವಿರ ಕಿ.ಮೀ. ಮತ್ತೆ ನೂರು ದಿನ ಬಿಟ್ಟರೆ ಲಕ್ಷದ ಹತ್ತಿರ. ಮೊದಲು ನೀನು ಎಂಟು ಸಾವಿರ ಕಿ.ಮೀ. ತಪ್ಪಿನಿಂದ ಶುರು ಮಾಡಿದ್ದೆ, ಎರಡು ತಿಂಗಳಿಗೆ ಲಕ್ಷ ಮುಟ್ಟಿತು. ಈಗ ಒಂದು ಕಿ.ಮೀ.ಯಿಂದ ಶುರು ಮಾಡಿದೆ, ಒಂಬತ್ತು ತಿಂಗಳು ಬಂತು. ನಿನ್ನ ಕೋಡ್ ಸರಿ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದಕ್ಕೇ ಮೇಲೆ ಕಬ್ಬಿನ ಗಾಡಿಯ ತಮ್ಮ ಹೇಳಿದ ಮಾತು ಹಿಡಿದದ್ದು. ತಪ್ಪು ಸಣ್ಣದಿರುವಾಗಲೇ ತಿದ್ದಿದರೆ ಚಿಟಿಕೆ ಇಂಧನ ಸಾಕು. ಆದಿತ್ಯ-ಎಲ್1 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಫೆಬ್ರವರಿ 22, ಜೂನ್ 7, ಜುಲೈ 2, ಹೀಗೆ ಮೂರು ಸಲ ಸಣ್ಣಗೆ ತಳ್ಳಿ ಮೊದಲ ಸುತ್ತು ಮುಗಿಸಿದರು. ನೌಕೆಯ ಹಿಡಿತವೇ ತಪ್ಪಿದರೆ ಎಷ್ಟು ಕಷ್ಟ ಅನ್ನುವುದಕ್ಕೂ ಉದಾಹರಣೆ ಇದೆ. 1998ರ ಜೂನ್‌ನಲ್ಲಿ, ಎಲ್1 ಸುತ್ತಲೇ ಇದ್ದು ಸೂರ್ಯನನ್ನು ನೋಡುತ್ತಿದ್ದ ಸೋಹೋ ನೌಕೆಯ ಸಂಪರ್ಕವೇ ಕಡಿದುಹೋಯಿತು. ಜುಲೈನಲ್ಲಿ ಪೋರ್ಟೊ ರಿಕೊದ ಅರೆಸಿಬೋದ ದೊಡ್ಡ ಆಂಟೆನಾದಿಂದ ರೇಡಾರ್ ಬೀರಿ ಎಲ್ಲಿದೆ ಅಂತ ಹುಡುಕಿದರು. ನಿಮಿಷಕ್ಕೊಂದು ಸುತ್ತಿನಂತೆ ಗಿರಗಿರ ತಿರುಗುತ್ತಿತ್ತು. ಹೆಪ್ಪುಗಟ್ಟಿದ ಇಂಧನವನ್ನು ಮೆಲ್ಲಗೆ ಬಿಸಿ ಮಾಡಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಹಿಡಿತಕ್ಕೆ ತಂದು, ದಾರಿ ತಿದ್ದಿದರು. ಆ ತಂಡದವರು ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕು ಅಂತ ಈಗಲೂ ಯೋಚಿಸುತ್ತೇನೆ.

ಗೋಕಾಕ_ಕರದಂಟು
ಜಾರುವ ಜಾಗ ಅಂತ ಗೊತ್ತಿದ್ದೂ ಅಲ್ಲೇ ಯಾಕೆ ಇಡಬೇಕು?

ಹೊಳೆಸಾಲು
ಇದಕ್ಕೆ ನಾನು ಹೇಳುತ್ತೇನೆ. ಅಲ್ಲಿಂದ ಸೂರ್ಯ ಸದಾ ಕಾಣುತ್ತಾನೆ ಅನ್ನುವುದು ಒಂದು. ಅದರ ಜೊತೆ, ಜಾರುವುದರಲ್ಲೂ ಲಾಭ ಇದೆ. ನಮ್ಮದು ಕೃಷ್ಣಾ ದಂಡೆಯ ಊರು. ಸೇತುವೆ ಆಗುವ ಮೊದಲು ನಮ್ಮ ಅಜ್ಜ ಹರಿಗೋಲು ಹಾಕುತ್ತಿದ್ದರು. ಹೊಳೆ ತುಂಬಿದಾಗ ನೇರ ಎದುರಿನ ದಂಡೆಗೆ ಹೋಗುವುದಕ್ಕೆ ಯಾರೂ ಹುಟ್ಟು ಹಾಕುತ್ತಿರಲಿಲ್ಲ. ದಂಡೆಯ ಪಕ್ಕ, ಸೆಳವು ಕಡಿಮೆ ಇರುವ ಕಡೆ, ಅರ್ಧ ಮೈಲಿ ಮೇಲಕ್ಕೆ ಹೋಗುವುದು. ಅಲ್ಲೊಂದು ಬೇವಿನ ಮರ ಇತ್ತು. ಆ ಮರದ ನೇರಕ್ಕೆ ಬಂದಾಗ ಹರಿಗೋಲನ್ನು ಸೆಳವಿಗೆ ಬಿಡುವುದು. ಹೊಳೆಯೇ ಓರೆಯಾಗಿ ಒಯ್ದು ಸರಿಯಾಗಿ ಎದುರಿನ ಗುಡಿಯ ಮೆಟ್ಟಿಲಿಗೆ ಮುಟ್ಟಿಸುತ್ತಿತ್ತು. ಮರಕ್ಕಿಂತ ಹತ್ತು ಮಾರು ಕೆಳಗೆ ಬಿಟ್ಟರೆ ಗುಡಿ ದಾಟಿ ಎಲ್ಲೋ ಹೋಗುತ್ತಿದ್ದಿರಿ. ಎಲ್ಲಿ ಬಿಡಬೇಕು ಅನ್ನುವುದೇ ಅಜ್ಜನ ವಿದ್ಯೆ.

ಎಲ್1, ಮತ್ತೆ ಭೂಮಿಯ ಆ ಬದಿಗೆ ಇರುವ ಅಂಥದ್ದೇ ಬಿಂದು ಎಲ್2, ಎರಡೂ ಆ ಬೇವಿನ ಮರದ ಹಾಗೆ. ಜಪಾನಿನ ಹಿತೆನ್ ನೌಕೆಯ ಕತೆ ಓದಿ. 1990ರ ಜನವರಿಯಲ್ಲಿ ಹಾರಿದ್ದು. ಚಂದ್ರನ ಸುತ್ತ ನಿಲ್ಲಬೇಕಿದ್ದದ್ದು ಅದರ ಜೊತೆಗಿದ್ದ ಪುಟ್ಟ ಹಗೊರೊಮೊ. ಅದರ ರೇಡಿಯೋ ಕೆಟ್ಟಿತು. ಹಿತೆನ್‌ನಲ್ಲಿ ಚಂದ್ರನ ಹತ್ತಿರ ಬ್ರೇಕ್ ಹಾಕುವಷ್ಟು ಇಂಧನ ಇರಲಿಲ್ಲ. ಆಗ ಅಮೆರಿಕದ ಬೆಲ್ಬ್ರೂನೋ, ಮಿಲ್ಲರ್ ಇಬ್ಬರು ಒಂದು ದಾರಿ ಲೆಕ್ಕ ಹಾಕಿಕೊಟ್ಟರು. ಚಂದ್ರನನ್ನು ಬಿಟ್ಟು ಇನ್ನೂ ಆಚೆ, ಸೂರ್ಯನ ಸೆಳವು ನಾಟುವಷ್ಟು ದೂರ ಹೋಗುವುದು. ಅಲ್ಲಿ ನೌಕೆ ಬಹಳ ನಿಧಾನ ಇರುತ್ತದೆ. ಸೂರ್ಯ ಮೆಲ್ಲಗೆ ದಾರಿ ಬಾಗಿಸುತ್ತಾನೆ. ವಾಪಸ್ ಬರುವಾಗ ಹೆಚ್ಚುಕಡಿಮೆ ಚಂದ್ರನ ವೇಗದಲ್ಲೇ ಚಂದ್ರನ ಪಕ್ಕ ಬಂದಿರುತ್ತದೆ. ಬ್ರೇಕ್ ಬೇಕಾಗುವುದಿಲ್ಲ, ಚಂದ್ರನೇ ಹಿಡಿದುಕೊಳ್ಳುತ್ತಾನೆ. 1991ರ ಅಕ್ಟೋಬರ್‌ನಲ್ಲಿ ಹಾಗೇ ಆಯಿತು.

ತಿಕೋಟಾ_ದ್ರಾಕ್ಷಿ
ಅಂದರೆ ನಮ್ಮ ಚಂದ್ರಯಾನ-3 ನಲವತ್ತು ದಿನ ತಗೊಂಡದ್ದೂ ಇದೇ ಕಾರಣಕ್ಕೆ. ಅಪೊಲೊ ಮೂರು ದಿನದಲ್ಲಿ ಹೋಯಿತು, ನಾವು ಈ ಸುತ್ತು ದಾರಿ ಹಿಡಿದೆವು.

ಕಕ್ಷೆಗಾರ
ಅಲ್ಲ ಅಲ್ಲ, ಇವೆರಡನ್ನು ಬೆರೆಸಬೇಡಿ. ಚಂದ್ರಯಾನ-3 ಸೂರ್ಯನ ಸಹಾಯ ಪಡೆಯಲು ಹೋಗಲಿಲ್ಲ. 2023ರ ಜುಲೈ 14ಕ್ಕೆ ಹಾರಿ, ಭೂಮಿಯ ಸುತ್ತಲೇ ಉದ್ದುದ್ದ ಸುತ್ತು ಹಾಕುತ್ತಾ ಎತ್ತರ ಏರಿಸಿಕೊಂಡಿತು. ಆಗಸ್ಟ್ 1ಕ್ಕೆ ಚಂದ್ರನ ಕಡೆ ಹೊರಟು ಆಗಸ್ಟ್ 5ಕ್ಕೇ ಚಂದ್ರನ ಕಕ್ಷೆ ಸೇರಿತು. ಚಂದ್ರನ ದಾರಿ ಐದೇ ದಿನದ್ದು.

ಅದು ಪಂಚಮಿ ಜೋಕಾಲಿ ಜೀಕಿದ ಹಾಗೆ. ಒಂದೇ ಏಟಿಗೆ ಮರದ ಕೊಂಬೆ ಮುಟ್ಟಬೇಕಾದರೆ ಪೈಲ್ವಾನ್ ಬೇಕು. ಜೋಕಾಲಿ ಕೆಳಗೆ ಬಂದು ಜೋರಾಗಿ ಹೋಗುವಾಗ ಪ್ರತಿ ಸಲ ಸ್ವಲ್ಪ ಸ್ವಲ್ಪ ಜೀಕಿದರೆ ಚಿಕ್ಕ ಹುಡುಗಿಯೂ ಕೊಂಬೆ ಮುಟ್ಟುತ್ತಾಳೆ. ನೌಕೆ ಭೂಮಿಗೆ ಹತ್ತಿರ ಬಂದಾಗ ವೇಗ ಜಾಸ್ತಿ, ಆಗ ಸುಟ್ಟ ಇಂಧನಕ್ಕೆ ಫಲವೂ ಜಾಸ್ತಿ. ಆದಿತ್ಯನೂ ಮೊದಲು ಹೀಗೇ ನಾಲ್ಕು ಸಲ ಜೀಕಿ, 2023ರ ಸೆಪ್ಟೆಂಬರ್ 19ಕ್ಕೆ ಎಲ್1 ಕಡೆ ಹೊರಟದ್ದು.

ಹಿತೆನ್ ತರಹದ ದಾರಿ ಬೇಕಾದರೆ ಕೊರಿಯಾದ ದಾನೂರಿ ನೋಡಿ. ತೂಕ ಎಣಿಸಿದ್ದಕ್ಕಿಂತ ಏರಿ 678 ಕಿಲೋ ಆಯಿತು. ನೇರ ದಾರಿಗೆ ಇಂಧನ ಸಾಲದು ಅಂತ ಯೋಜನೆಯನ್ನೇ ಬದಲಿಸಿದರು. 2022ರ ಆಗಸ್ಟ್‌ನಲ್ಲಿ ಹಾರಿ, 15 ಲಕ್ಷ ಕಿ.ಮೀ. ಆಚೆ ಹೋಗಿ, ಡಿಸೆಂಬರ್‌ನಲ್ಲಿ ಚಂದ್ರನನ್ನು ಸೇರಿತು. ಇಂಧನ ಉಳಿಯಿತು, ನಾಲ್ಕೂವರೆ ತಿಂಗಳು ಹೋಯಿತು. ಮನುಷ್ಯರಿದ್ದರೆ ಈ ದಾರಿ ಆಗುವುದಿಲ್ಲ. ಸಾಮಾನು ಸಾಗಿಸುವುದಕ್ಕೆ ಬಹಳ ಒಳ್ಳೆಯದು.

ಬಾದಾಮಿ_ಬಂಡೆ
ಯಾರೂ ಲೆಕ್ಕ ಹಾಕದೆ ಈ ದಾರಿಯಲ್ಲಿ ಬಂದದ್ದೂ ಒಂದಿದೆ. 2002ರ ಸೆಪ್ಟೆಂಬರ್‌ನಲ್ಲಿ ಭೂಮಿಯನ್ನು ಸುತ್ತುತ್ತಿರುವ ಹೊಸ ವಸ್ತು ಒಂದು ಕಂಡಿತು. ಹೊಸ ಚಂದ್ರ ಅಂತ ಸುದ್ದಿಯೂ ಆಯಿತು. ಅದರ ಬೆಳಕು ಪರೀಕ್ಷೆ ಮಾಡಿದರೆ ರಾಕೆಟ್‌ಗೆ ಬಳಿಯುವ ಬಿಳಿ ಬಣ್ಣ! 1969ರಲ್ಲಿ ಹಾರಿದ ಅಪೊಲೊ 12ರ ರಾಕೆಟ್ಟಿನ ಮೂರನೇ ಹಂತ ಅಂತ ತೀರ್ಮಾನಕ್ಕೆ ಬಂದರು. ಮೂವತ್ತು ವರ್ಷ ಸೂರ್ಯನ ಸುತ್ತ ಅಲೆದು, ಎಲ್1ನ ಖಿಂಡಿಯಿಂದ ಒಳಗೆ ಬಂದಿತ್ತು. ಭೂಮಿಗೆ ಕೆಲವು ಸುತ್ತು ಹಾಕಿ 2003ರಲ್ಲಿ ಮತ್ತೆ ಹೊರಗೆ ಹೋಯಿತು. ಖಿಂಡಿ ಇದ್ದರೆ ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ.

ಮುಧೋಳ_ಮಾಸ್ತರ್
ಇದನ್ನು ಮಕ್ಕಳಿಗೆ ಹೇಳಲೇಬೇಕು!

ಖಾನಾಪುರದ_ಹುಡುಗಿ
ಓದುತ್ತಾ ಮೈ ಜುಂ ಅಂತಿದೆ. ಹಾಗಾದರೆ ನೌಕೆಯನ್ನು ಬಿಂದುವಿನ ಮೇಲೇ ಇಡುವ ಬದಲು ಅದರ ಸುತ್ತ ಸುತ್ತಿಸುತ್ತಾರಲ್ಲ, ಆ ಕಕ್ಷೆ ನಾನೂ ಲೆಕ್ಕ ಹಾಕಬಹುದಾ?

ಸಂಖ್ಯಾಪ್ರಿಯೆ
ಖಂಡಿತ ಹಾಕಬಹುದು. ಬಿಂದುವಿನ ಮೇಲೇ ಇಟ್ಟರೆ ಭೂಮಿಯಿಂದ ನೋಡಿದಾಗ ನೌಕೆ ಸೂರ್ಯನ ಮುಂದೆಯೇ ಇರುತ್ತದೆ. ಸೂರ್ಯನ ರೇಡಿಯೋ ಗದ್ದಲದಲ್ಲಿ ಅದರ ಮಾತು ಕೇಳುವುದಿಲ್ಲ. ಅದಕ್ಕೇ ಸೂರ್ಯನ ಸುತ್ತ ಪ್ರಭಾವಳಿಯ ಹಾಗೆ ಕಾಣುವ ಕಕ್ಷೆ. ಅಮೆರಿಕದ ಕಕ್ಷೆ ತಜ್ಞ ಫಾರ್ಕ್ವರ್ ಇಟ್ಟ ಹೆಸರು ಹ್ಯಾಲೋ. ಮೊದಲು ಹೋಗಿದ್ದು 1978ರಲ್ಲಿ ಹಾರಿದ ಐಸೀ-3 ನೌಕೆ.

ಮೊದಲು ನಿನ್ನ ಕೋಡ್ ಅನ್ನು ಭೂಮಿಯ ಜೊತೆಗೇ ತಿರುಗುವ ಚೌಕಟ್ಟಿಗೆ ತಾ. ಸೂರ್ಯ, ಭೂಮಿ ಎರಡೂ ನಿಂತಲ್ಲೇ ನಿಲ್ಲಬೇಕು. ಪ್ರತಿ ಹೆಜ್ಜೆಗೆ ಜಾಕೋಬಿ ಸ್ಥಿರಾಂಕ, ಅಂದರೆ ಈ ಚೌಕಟ್ಟಿನಲ್ಲಿ ನೌಕೆಯ ಶಕ್ತಿ ತೋರುವ ಅಂಕಿ, ಮುದ್ರಿಸು. ಅದು ಬದಲಾಗಬಾರದು. ಹತ್ತನೇ ದಶಮಾಂಶ ಅಲುಗಿದರೂ ಕೋಡ್ ನೋಡು.

ಆಮೇಲೆ ಗುಟ್ಟು ಇಷ್ಟೇ. ಸೂರ್ಯ, ಭೂಮಿಯ ಗೆರೆಯ ನೇರ ಮೇಲೆ, ಭೂಮಿಯ ಕಕ್ಷೆಯ ಸಮತಲದಿಂದ ಸ್ವಲ್ಪ ಎತ್ತರದಲ್ಲಿ ನೌಕೆ ಇಡು. ವೇಗವನ್ನು ಪೂರಾ ಅಡ್ಡಕ್ಕೆ ಮಾತ್ರ ಕೊಡು. ಓಡಿಸು. ಅರ್ಧ ಸುತ್ತು ಆಗಿ, ಆ ಗೆರೆಯ ಮೇಲೆ ನೆಟ್ಟಗೆ ನಿಂತ ಸಮತಲವನ್ನು ಮತ್ತೆ ದಾಟುವಾಗ ನಿಲ್ಲಿಸು. ಆಗಲೂ ವೇಗ ಪೂರಾ ಅಡ್ಡಕ್ಕೇ ಇದ್ದರೆ ಉಳಿದರ್ಧ ಕನ್ನಡಿಯ ಬಿಂಬ, ಸುತ್ತು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಎಷ್ಟು ಓರೆ ಆಗಿದೆ ನೋಡಿ ಶುರುವಿನ ಜಾಗ, ವೇಗ ಎರಡನ್ನೂ ಚೂರು ತಿದ್ದಿ ಮತ್ತೆ ಓಡಿಸು. ನಾಲ್ಕೈದು ಸಲಕ್ಕೆ ಕೂಡುತ್ತದೆ. ಶುರುವಿನ ಊಹೆ ಬೇಕಾಬಿಟ್ಟಿ ಹಾಕಿದರೆ ಕೂಡುವುದಿಲ್ಲ. ರಿಚರ್ಡ್‌ಸನ್ 1980ರಲ್ಲಿ ಕೊಟ್ಟ ಮೂರನೇ ದರ್ಜೆಯ ಸೂತ್ರದಿಂದ ತಗೋ. ಎತ್ತರಕ್ಕೆ ಆದಿತ್ಯನದ್ದೇ 1,20,000 ಕಿ.ಮೀ. ಹಾಕು.

ಗೈಡ್ ಏನೋ ಅಂದರು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ಮೂರು ವಸ್ತುಗಳ ಲೆಕ್ಕದಲ್ಲಿ ಫ್ರಾನ್ಸಿನ ದೊಡ್ಡ ಗಣಿತಜ್ಞ ಪ್ವಾಂಕಾರೆಯೇ ತಪ್ಪಿದ್ದ. ಸ್ವೀಡನ್ ರಾಜನ ಬಹುಮಾನ ಬಂದ ಮೇಲೆ, ಅಚ್ಚಾದ ಪ್ರಬಂಧದಲ್ಲಿ ದೊಡ್ಡ ತಪ್ಪು ಸಿಕ್ಕಿತು. ಮತ್ತೆ ಅಚ್ಚು ಹಾಕಿಸುವ ಖರ್ಚು ತಾನೇ ಕೊಟ್ಟ, ಅದು ಬಹುಮಾನಕ್ಕಿಂತ ಜಾಸ್ತಿ ಆಯಿತು. ಆ ತಪ್ಪು ತಿದ್ದುವಾಗಲೇ ಇವತ್ತು ನಾವು ಅಸ್ತವ್ಯಸ್ತ ಚಲನೆ ಅನ್ನುವುದನ್ನು ಆತ ಕಂಡದ್ದು.

ಖಾನಾಪುರದ_ಹುಡುಗಿ
ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೊದಲ ನಾಲ್ಕು ದಿನ ಕೂಡಲೇ ಇಲ್ಲ. ಎತ್ತರದ ಚಿಹ್ನೆ ಒಂದು ಕಡೆ ಉಲ್ಟಾ ಆಗಿತ್ತು, ಜಾಕೋಬಿ ಮುದ್ರಿಸಿದ್ದಕ್ಕೇ ಸಿಕ್ಕಿತು. ನಿನ್ನೆ ರಾತ್ರಿ ಒಂದೂವರೆಗೆ ಐದನೇ ತಿದ್ದುಪಡಿಯಲ್ಲಿ ಸುತ್ತು ಮುಚ್ಚಿಕೊಂಡಿತು! ಒಂದು ಸುತ್ತಿಗೆ 178 ದಿನದ ಹತ್ತಿರ ಬಂತು. ಆದಿತ್ಯನದ್ದೂ ಅಷ್ಟೇ ಅಲ್ವಾ? ಅಡ್ಡಕ್ಕೆ ನಡುವಿನಿಂದ ಒಂದೊಂದು ಕಡೆಗೂ ಆರೂವರೆ ಲಕ್ಷ ಕಿ.ಮೀ. ದಾಟಿದೆ. ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಇವತ್ತು ಗೈಡ್ ಸರ್‌ಗೆ 6.05, 0.18 ಲೆಕ್ಕ ತೋರಿಸಿದೆ. ಅವರೇ ಪೆನ್ ತಗೊಂಡು ಎರಡು ಸಲ ಮಾಡಿ ನೋಡಿದರು. "ಇದನ್ನು ರಿಪೋರ್ಟಿನ ಮೊದಲ ಅಧ್ಯಾಯದಲ್ಲಿ ಹಾಕು" ಅಂದರು. ಈಗ ಚಂದ್ರನನ್ನೂ ಸೇರಿಸಬೇಕು ಅಂತಿದ್ದೇನೆ. ಸೇರಿಸಿದರೆ ಸುತ್ತು ಮುಚ್ಚಿಕೊಳ್ಳುತ್ತಾ?

ಕಕ್ಷೆಗಾರ
ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಬೇರೆ ಆಗುತ್ತದೆ. ನಾಲ್ಕು ಸುತ್ತನ್ನು ತುಂಡು ತುಂಡಾಗಿ ಇಟ್ಟು ಎಲ್ಲ ಕೂಡುಗಳನ್ನೂ ಒಟ್ಟಿಗೆ ತಿದ್ದಬೇಕು. ಶನಿವಾರ ರಾತ್ರಿ ಊಟ ಆದ ಮೇಲೆ ಕೂತು ಬರೆಯುತ್ತೇನೆ, ಅಷ್ಟರೊಳಗೆ ಚಂದ್ರನ ಜಾಗದ ಪಟ್ಟಿ ಇಳಿಸಿಕೊಂಡಿರು.

ಕಬ್ಬಿನ_ಗಾಡಿ
ಶನಿವಾರ ನಾನೂ ಇರುತ್ತೇನೆ. ಕಾಕಾನಿಗೂ ಓದಿ ಹೇಳಬೇಕು.